ಆಪತ್ತಿಗಾಗದ ಐನೂರು

ನಮ್ಮ ಮನೆಯಲ್ಲಿ ಆಪತ್ಕಾಲಕ್ಕೆಂದು 30,000 ರೂಪಾಯಿ ನಗದು ಇದೆ. 'ಇದೆ' ಎನ್ನುವವನು ನಾನು. 'ಇತ್ತು' ಎನ್ನುವವಳು ನನ್ನ ಹೆಂಡತಿ. ಇಬ್ಬರ ವಾದ ಮುಗಿಯುವ ಮೊದಲೇ ಮಗಳು ಬಂದು, "ಅಪ್ಪಾ, ಅದ್ರಲ್ಲಿ ಇನ್ನೂರು ತಗೊಳ್ಲಾ?" ಎಂದು ಕೇಳುತ್ತಾಳೆ. ಇದ್ದರೆ ತಾನೇ ಕೇಳುವುದು ಎಂದು ನಾನು. ಕೇಳುವವರು ಇಷ್ಟು ಜನ ಇದ್ದಮೇಲೆ ಉಳಿಯುವುದುಂಟೇ ಎಂದು ಅವಳು.

ಆಪತ್ತಿನ ವಿಷಯದಲ್ಲಿ ನಾನು ತೀರಾ ಹೊಸಬನೇನಲ್ಲ. ವೈಟ್‌ಫೀಲ್ಡಿನ ಕಂಪನಿಯೊಂದು ನನಗೆ ಸಂಬಳ ಕೊಡುತ್ತಿರುವುದೇ ಅದಕ್ಕೆ. ಸಾಗರದಾಚೆಯ ಯಾವುದೋ ಬ್ಯಾಂಕಿನ ಸರ್ವರ್ ಮಲಗಿದರೆ ಏನು ಮಾಡಬೇಕು, ಅದಕ್ಕೆ ಬದಲಿ ನಿಂತ ಸರ್ವರೂ ಮಲಗಿದರೆ ಏನು ಮಾಡಬೇಕು, ಎರಡೂ ಮಲಗಿರುವಾಗ ಯಾರು ಯಾರನ್ನು ಎಬ್ಬಿಸಬೇಕು ಎಂದು ಪುಟಗಟ್ಟಲೆ ಬರೆದಿಡುವುದು ನನ್ನ ಕೆಲಸ. ಇದಕ್ಕೆ ಡಿಸಾಸ್ಟರ್ ರಿಕವರಿ ಎಂದು ಹೆಸರು. ಅತ್ತೆಗೆ ಇದನ್ನೆಲ್ಲ ವಿವರಿಸಿದಾಗ ಅವರು ಸಾವಧಾನವಾಗಿ ಕೇಳಿ, "ಅಂದ್ರೆ ಅಳಿಯಂದ್ರೇ, ಏನೂ ಆಗದೇ ಇದ್ರೆ ನಿಮಗೆ ಏನೂ ಕೆಲಸ ಇಲ್ಲ ಅಂತಾಯ್ತು" ಎಂದಿದ್ದರು. ನನ್ನ ಮ್ಯಾನೇಜರಿಗೂ ಈ ಅನುಮಾನ ಇದೆ. ಆದರೆ ಅತ್ತೆಯಷ್ಟು ಸ್ಪಷ್ಟವಾಗಿ ಅವರು ಇನ್ನೂ ಹೇಳಿಲ್ಲ.

ಇಂಥ ನಾನು 2025ರ ಏಪ್ರಿಲ್ 12, ಶನಿವಾರ, ನೆತ್ತಿ ಸುಡುವ ಹೊತ್ತಿಗೆ ಹೋಪ್ ಫಾರ್ಮ್ ಹತ್ತಿರ ಒಂದು ಎಳನೀರು ಗಾಡಿಯ ಮುಂದೆ ನಿಂತಿದ್ದೆ. ಎಳನೀರು ಕುಡಿದಾಗಿತ್ತು. ಗಂಜಿಯನ್ನೂ ಕೆರೆಸಿಕೊಂಡು ತಿಂದಾಗಿತ್ತು. ಫೋನ್ ತೆಗೆದು ಸ್ಕ್ಯಾನ್ ಮಾಡಿ ಅರವತ್ತು ಒತ್ತಿದೆ. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಗಾಡಿಗೆ ನೇತುಹಾಕಿದ್ದ ಸ್ಪೀಕರ್ ಡಬ್ಬಿ ತುಟಿ ಬಿಚ್ಚಲಿಲ್ಲ. ಪಕ್ಕದಲ್ಲಿ ನನ್ನ ಹಾಗೇ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡಿದ್ದ ಇಬ್ಬರು ಹುಡುಗರು ಸಿಗ್ನಲ್ ಹುಡುಕಿಕೊಂಡು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದರು. ತಪ್ಪು ಸಿಗ್ನಲ್ಲಿನದಲ್ಲ. ಅವತ್ತು ದೇಶಪೂರ್ತಿ ಯುಪಿಐ ಕೈಕೊಟ್ಟಿತ್ತು. ಮಾರ್ಚ್ 26ರಂದು ಒಮ್ಮೆ ಹೀಗೇ ಆಗಿತ್ತು, ಆಗ ನಾನು ಮನೆಯಲ್ಲೇ ಇದ್ದೆನಾದ್ದರಿಂದ ಅದನ್ನು ಸುದ್ದಿ ಎಂದುಕೊಂಡಿದ್ದೆ.

ಕೊಂಡ ತರಕಾರಿಯನ್ನಾದರೆ ಬುಟ್ಟಿಗೆ ವಾಪಸ್ ಹಾಕಬಹುದು. ಕುಡಿದ ಎಳನೀರಿಗೆ ಆ ಸೌಲಭ್ಯ ಇಲ್ಲ. ಗಾಡಿಯವನು ಮಚ್ಚು ಕೆಳಗಿಟ್ಟು, "ಇರ್ಲಿ ಬಿಡಿ ಸಾರ್, ನಾಳೆ ಕೊಡಿ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟರಲ್ಲಿ ಅಲ್ಲೇ ಕುಡಿಯುತ್ತಿದ್ದ ಒಬ್ಬ ಹಿರಿಯರು ಪಂಚೆಯ ಮಡಿಕೆಯಿಂದ ಸಣ್ಣ ಚೀಲ ಬಿಚ್ಚಿ, "ಆ ಸಾರ್‌ದೂ ಸೇರಿಸ್ಕೊಳಪ್ಪ" ಎಂದು ಕೊಟ್ಟೇಬಿಟ್ಟರು. ನಾನು ಬೇಡ ಬೇಡ ಎಂದೆ. "ಇರ್ಲಿ ಬಿಡಿ, ಮಕ್ಕಳಿಗೆ ಕೊಟ್ಟ ಹಾಗೆ" ಎಂದರು. ನನಗೆ ನಲವತ್ತೆಂಟು ವಯಸ್ಸು.

ಮನೆಗೆ ಬಂದವನೇ ಘೋಷಿಸಿದೆ: ಇನ್ನು ಮುಂದೆ ಈ ಮನೆಯಲ್ಲಿ ನಗದು ತುರ್ತುನಿಧಿ ಇರುತ್ತದೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಒಂದು ಎಕ್ಸೆಲ್ ಹಾಳೆಯನ್ನೂ ತೋರಿಸಿದೆ. ಹಣಕಾಸು ಬಲ್ಲವರು ಹೇಳುವುದು ಆರು ತಿಂಗಳ ಖರ್ಚಿನಷ್ಟು ದುಡ್ಡು ಕೈಗೆಟುಕುವಂತಿರಬೇಕು ಎಂದು. ಅದನ್ನೆಲ್ಲ ಮನೆಯಲ್ಲೇ ಇಡಬೇಕೆಂದು ಯಾರೂ ಹೇಳುವುದಿಲ್ಲ. ಮನೆಯಲ್ಲಿಟ್ಟ ನೋಟಿಗೆ ಬಡ್ಡಿ ಹುಟ್ಟುವುದಿಲ್ಲ, ಬೆಲೆಯೇರಿಕೆ ಮಾತ್ರ ಕೂತಲ್ಲೇ ಅದನ್ನು ಮೇಯುತ್ತದೆ. ಹಾಗಾಗಿ ಬಹುಪಾಲು ಬ್ಯಾಂಕಿನಲ್ಲಿ, ಕೆಲವು ದಿನಗಳ ಖರ್ಚಿನಷ್ಟು ಮಾತ್ರ ಮನೆಯಲ್ಲಿ. ಆ ಕೆಲವು ದಿನಗಳಿಗೆ ಎಷ್ಟು ಎಂದು ನನ್ನ ಹಾಳೆ ಲೆಕ್ಕ ಹಾಕಿ 28,740 ಎಂದಿತು. ಮೂವತ್ತಕ್ಕೆ ದುಂಡು ಮಾಡಿದೆ.

ಹೆಂಡತಿ ಹಾಳೆಯ ಕಡೆ ನೋಡಲೂ ಇಲ್ಲ. "ರೀ, ಯಾವ ನೋಟಲ್ಲಿ ಇಡ್ತೀರ, ಅದನ್ನ ಹೇಳಿ ಮೊದಲು" ಎಂದಳು.

"ಯಾವ ನೋಟು ಅಂದ್ರೆ? ಐನೂರರದ್ದು. ಅರವತ್ತು ನೋಟು, ಒಂದು ಕವರಲ್ಲಿ ಕೂರತ್ತೆ."

"2022ರಲ್ಲಿ ಟ್ರ್ಯಾಕ್ಟರ್ ಹತ್ತಿದ್ರಲ್ಲ, ನೆನಪಿದ್ಯಾ?"

ಮರೆಯುವುದು ಹೇಗೆ. ಆ ವರ್ಷದ ಸೆಪ್ಟೆಂಬರ್ ಮೊದಲ ವಾರ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ, ಯಮಲೂರಿನ ಕಡೆಯೆಲ್ಲ ನೀರು ನಿಂತು, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಹೊರತಂದಿದ್ದರು. ಐಟಿ ನೌಕರರು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ನಿಂತು ಆಫೀಸಿಗೆ ಹೋದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆಗ ನನ್ನ ಆಫೀಸು ಯಮಲೂರಿನ ಕಡೆಯಿತ್ತು. ಅಂಥದೊಂದು ಟ್ರೈಲರಿನಲ್ಲಿ ಲ್ಯಾಪ್‌ಟಾಪ್ ಚೀಲವನ್ನು ತಲೆಯ ಮೇಲೆ ಹೊತ್ತು, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಅಮೆರಿಕದ ಬ್ಯಾಂಕನ್ನು ಆಪತ್ತಿನಿಂದ ಪಾರುಮಾಡಲು ಹೊರಟಿದ್ದೆ. ತಲೆಗೆ ಐವತ್ತು ರೂಪಾಯಿ. ನನ್ನ ಕೈಯಲ್ಲಿ ಐನೂರರ ನೋಟಿತ್ತು. ಟ್ರ್ಯಾಕ್ಟರಿನವನು ಅದನ್ನು ನೋಡಿ, "ಚಿಲ್ಲರೆ ಇಲ್ಲಾಂದ್ರೆ ಇಳೀರಿ ಸಾರ್" ಎಂದಿದ್ದ. ಇಳಿಯುವುದೆಂದರೆ ಸೊಂಟದುದ್ದ ನೀರಿಗೆ. ಬೇರೆ ಟೀಮಿನ, ನನಗೆ ಮುಖಪರಿಚಯವೂ ಇಲ್ಲದ ಹುಡುಗಿಯೊಬ್ಬಳು ಕೊಟ್ಟಳು.

ಆದರೂ ನಾನು ಐನೂರರಲ್ಲೇ ನಿಂತೆ. ನಿಲ್ಲದೆ ವಿಧಿಯಿರಲಿಲ್ಲ, ನಮ್ಮ ಸುತ್ತಮುತ್ತಲಿನ ಎಟಿಎಂಗಳು ಉಗುಳುತ್ತಿದ್ದದ್ದೇ ಐನೂರು. ಇದು ನನ್ನೊಬ್ಬನ ಗೋಳಾಗಿರಲಿಲ್ಲ. ಅದೇ ಏಪ್ರಿಲ್ ಕೊನೆಯಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ಸೆಪ್ಟೆಂಬರ್ 30ರೊಳಗೆ ಶೇ 75ರಷ್ಟು ಎಟಿಎಂಗಳಲ್ಲಿ, 2026ರ ಮಾರ್ಚ್ 31ರೊಳಗೆ ಶೇ 90ರಷ್ಟು ಎಟಿಎಂಗಳಲ್ಲಿ, ಕನಿಷ್ಠ ಒಂದು ಖಾನೆಯಿಂದಾದರೂ 100 ಅಥವಾ 200ರ ನೋಟು ಬರಲೇಬೇಕು ಎಂದಿತು. ಸುತ್ತೋಲೆಯನ್ನು ಹೆಂಡತಿಗೆ ಓದಿ ಹೇಳಿದೆ. "ನೋಡಿ, ರಿಸರ್ವ್ ಬ್ಯಾಂಕಿಗೂ ಗೊತ್ತು" ಎಂದಳು. ನಾನು ನನ್ನ ಪರವಾಗಿ ಎಂದು ಓದಿದ್ದೆ.

ಎಲ್ಲಿಡಬೇಕು ಎಂಬುದರ ಮೇಲೆ ಸಭೆ ಊಟದ ಹೊತ್ತಿನವರೆಗೂ ನಡೆಯಿತು. ಸಾಸಿವೆ ಡಬ್ಬಿ ಎಂದಿತು ಪರಂಪರೆ. ಆ ಡಬ್ಬಿಯ ಗುಟ್ಟು ಕನ್ನಡ ಬಲ್ಲ ಪ್ರತಿ ಕಳ್ಳನಿಗೂ ಗೊತ್ತು ಎಂದು ತಳ್ಳಿಹಾಕಿದೆವು. ಅತ್ತೆ ಅಕ್ಕಿ ಡ್ರಮ್ಮನ್ನು ಸೂಚಿಸಿದರು. ಇಲಿ ಬಂದರೆ? ಹರಿದ ನೋಟಿಗೂ ರಿಸರ್ವ್ ಬ್ಯಾಂಕಿನ ನಿಯಮ ಇದೆ: 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಿನ ಶೇ 80ಕ್ಕಿಂತ ಹೆಚ್ಚು ಭಾಗ ಒಂದೇ ತುಂಡಾಗಿ ಉಳಿದಿದ್ದರೆ ಪೂರ್ತಿ ಬೆಲೆ, 40ರಿಂದ 80ರವರೆಗೆ ಉಳಿದಿದ್ದರೆ ಅರ್ಧ, ಅದಕ್ಕಿಂತ ಕಡಿಮೆಯಾದರೆ ಸೊನ್ನೆ. ಇಲಿಗಳು ಈ ಶೇಕಡಾವಾರು ನೋಡಿಕೊಂಡು ತಿನ್ನುತ್ತವೆ ಎಂಬ ಭರವಸೆ ನನಗಿಲ್ಲ.

ಕೊನೆಗೆ ನನ್ನ ವೃತ್ತಿಯ ತತ್ವವೇ ಗೆದ್ದಿತು. ಒಬ್ಬನಿಗೆ ಮಾತ್ರ ಗೊತ್ತಿರುವ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ; ಆ ಒಬ್ಬ ಇಲ್ಲದ ದಿನವೇ ಆಪತ್ತು ಬರುತ್ತದೆ. ಆದ್ದರಿಂದ ದುಡ್ಡು ಟಿವಿ ಕೆಳಗಿನ ಡ್ರಾಯರಿನಲ್ಲಿ ಇರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ, ತೆಗೆದವರು ಚೀಟಿ ಬರೆದು ಇಡುತ್ತಾರೆ. ಆಫೀಸಿನಲ್ಲಿ ಇಂಥ ಯೋಜನೆಗೆ ನನಗೆ ಒಮ್ಮೆ ಪ್ರಶಸ್ತಿಪತ್ರ ಕೊಟ್ಟಿದ್ದಾರೆ.

ನಮ್ಮ ಅಮ್ಮನ ಕಾಲದಲ್ಲಿ ಇಷ್ಟೆಲ್ಲ ಸಭೆ ಇರಲಿಲ್ಲ. ಅಪ್ಪ ಪೀಣ್ಯ ಎರಡನೇ ಹಂತದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಬಟವಾಡೆಯ ದಿನ ಕಂದು ಕವರು ಬರುತ್ತಿತ್ತು. ಅದಕ್ಕೆ ಲೇತಿನ ಎಣ್ಣೆಯ ವಾಸನೆ ಇರುತ್ತಿತ್ತು, ಹೆಬ್ಬೆರಳಿನ ಕಪ್ಪು ಗುರುತೂ ಇರುತ್ತಿತ್ತು. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಅಮ್ಮ ಚಾಪೆ ಹಾಸಿಕೊಂಡು ಕೂತು ನೋಟುಗಳನ್ನು ಗುಡ್ಡೆ ಮಾಡುತ್ತಿದ್ದಳು: ಬಾಡಿಗೆ, ಹಾಲು, ರೇಷನ್, ಚೀಟಿ, ನಮ್ಮಿಬ್ಬರ ಫೀಸು. ಫ್ಯಾನ್ ಹಾಕುವಂತಿಲ್ಲ, ಕೆಮ್ಮುವಂತಿಲ್ಲ. ಎಲ್ಲ ಗುಡ್ಡೆಯೂ ಆದಮೇಲೆ ಚಾಪೆಯ ಮೇಲೆ ಏನೂ ಉಳಿಯುತ್ತಿರಲಿಲ್ಲ. ಆದರೂ ನನಗೆ ಜ್ವರ ಬಂದ ರಾತ್ರಿ ಆಟೋಗೆ, ಊರಿಂದ ಸಾವಿನ ಸುದ್ದಿ ಬಂದ ಬೆಳಿಗ್ಗೆ ಬಸ್ಸಿಗೆ ಎಲ್ಲಿಂದಲೋ ದುಡ್ಡು ಹೊರಡುತ್ತಿತ್ತು. ಎಲ್ಲಿಂದ ಎಂದು ಅಪ್ಪ ಕೇಳುತ್ತಿರಲಿಲ್ಲ. ಅದು ದಾಂಪತ್ಯದ ನಂಬಿಕೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ತಿಳಿವಳಿಕೆ ತಿದ್ದಿದ್ದು 2016ರ ನವೆಂಬರ್ 8. ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು, ಮಧ್ಯರಾತ್ರಿಯಿಂದ 500 ಮತ್ತು 1000ದ ನೋಟು ನಡೆಯುವುದಿಲ್ಲ ಎಂದರು. ಎಂಟೂವರೆಗೆ ಅಮ್ಮ ಎದ್ದು ಒಳಗೆ ಹೋಗಿ ರೇಷ್ಮೆ ಸೀರೆಗಳ ಮಡಿಕೆಯಿಂದ, ದೇವರ ಫೋಟೋದ ಹಿಂದಿನಿಂದ, ಖಾಲಿ ಹಾರ್ಲಿಕ್ಸ್ ಬಾಟಲಿಯಿಂದ ನೋಟುಗಳನ್ನು ತಂದು ಊಟದ ಮೇಜಿನ ಮೇಲೆ ಇಟ್ಟಳು. ಇಂಥದ್ದು ಅವತ್ತು ಊರ ತುಂಬ ನಡೆದಿದೆ, ಹೆಚ್ಚುಗಾರಿಕೆಯೇನಿಲ್ಲ. ನಮ್ಮ ಮನೆಯ ವಿಶೇಷ ಏನೆಂದರೆ, ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ ಅಪ್ಪ ನಿವೃತ್ತಿಯ ನಂತರವೂ ಬೀಗ ಹಾಕಿಡುತ್ತಿದ್ದ ಟೂಲ್ ಬಾಕ್ಸನ್ನು ಎಳೆದು ತಂದು, ಮೈಕ್ರೋಮೀಟರಿನ ಡಬ್ಬಿ ಬಿಚ್ಚಿ, ತಮ್ಮದೂ ಒಂದು ಕಟ್ಟನ್ನು ಅದರ ಪಕ್ಕ ಇಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪನಿಂದ ಬರಬಹುದಾದ ಆಪತ್ತಿಗೆಂದು ಅಮ್ಮ, ಅಮ್ಮನಿಂದ ಬರಬಹುದಾದ ಆಪತ್ತಿಗೆಂದು ಅಪ್ಪ, ಮೂವತ್ತು ವರ್ಷ ಕೂಡಿಟ್ಟಿದ್ದರು. ಎಣಿಸಿದಾಗ ಅಮ್ಮನದು ನಾಲ್ಕು ಸಾವಿರ ಹೆಚ್ಚಿತ್ತು. ಆ ನಾಲ್ಕು ಸಾವಿರದ ಗತ್ತು ಅವಳಲ್ಲಿ ಈಗಲೂ ಇದೆ.

ಕ್ಯೂನಲ್ಲಿ ನಿಂತಿದ್ದೂ ಅವಳೇ. ಮೊದಮೊದಲು ಒಬ್ಬರಿಗೆ ನಾಲ್ಕು ಸಾವಿರದವರೆಗೆ ಮಾತ್ರ ಬದಲಿ. ವಾರ ಕಳೆಯುವ ಹೊತ್ತಿಗೆ, ಬದಲಾಯಿಸಿಕೊಂಡವರೇ ಮತ್ತೆ ಬರದಿರಲಿ ಎಂದು ಬೆರಳಿಗೆ ಅಳಿಸಲಾಗದ ಮಸಿ ಹಚ್ಚಲು ಹೊರಟರು. ಆ ಮಸಿ ತಯಾರಾಗುವುದು ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ನಲ್ಲಿ. ಹೊಸ 2000ದ ನೋಟು ಅಚ್ಚಾಗಿ ಹೊರಬಂದದ್ದೂ ಮೈಸೂರಿನ ನೋಟು ಮುದ್ರಣಾಲಯದಿಂದ. ಅಮ್ಮನ ತವರು ಮೈಸೂರು. ಬಿಸಿಲಲ್ಲಿ ನಿಂತು ಬಂದವಳು ಬೆರಳು ತೋರಿಸಿ ಹೇಳಿದಳು: "ಮಸೀನೂ ನಮ್ಮೂರಿಂದು, ನೋಟೂ ನಮ್ಮೂರಿಂದು, ಕ್ಯೂ ಒಂದು ಮಾತ್ರ ನಿಮ್ಮೂರಿಂದು ಕಣೋ."

ತವರಿನ ಆ 2000ದ ನೋಟಿನಲ್ಲಿ ಒಂದನ್ನು ಅವಳು ಆಪತ್ತಿಗಿರಲಿ ಎಂದು ತೆಗೆದಿಟ್ಟಿದ್ದಳು. ಪೀಣ್ಯದ ಹೆಂಗಸರಿಗೆ ಪಾಠ ಕಲಿಸುವುದು ಯಾವ ಸರ್ಕಾರದಿಂದಲೂ ಆಗುವುದಿಲ್ಲ. 2023ರ ಮೇ 19ರಂದು ರಿಸರ್ವ್ ಬ್ಯಾಂಕು ಆ ನೋಟನ್ನೂ ಹಿಂತೆಗೆದುಕೊಳ್ಳುವುದಾಗಿ ಹೇಳಿತು. ಬ್ಯಾಂಕುಗಳಲ್ಲಿ ಕೊಡಲು ಸೆಪ್ಟೆಂಬರ್ 30ರವರೆಗೆ, ಆಮೇಲೆ ಅಕ್ಟೋಬರ್ 7ರವರೆಗೆ ಅವಕಾಶ ಇತ್ತು. ಅಮ್ಮನಿಗೆ ನೋಟು ಸಿಕ್ಕಿದ್ದು ದೀಪಾವಳಿಗೆ, ಯಾರಿಗೋ ಬಾಗಿನಕ್ಕೆ ಕೊಡಲು ಬ್ಲೌಸ್ ಪೀಸ್ ಹುಡುಕುವಾಗ. ಅದೊಂದು ನೋಟಿಗಾಗಿ ಅಮ್ಮ, ಅಪ್ಪ, ನಾನು ಮೂವರೂ ಮೆಟ್ರೋ ಹತ್ತಿ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿಗೆ ಹೋದೆವು. ಬರುವಾಗ ಟಿಫಿನ್, ಕಾಫಿ, ಆಟೋ ಎಲ್ಲ ಸೇರಿ ಆ ಎರಡು ಸಾವಿರದ ಕಥೆ ಏನಾಯಿತೆಂದು ಅಪ್ಪ ಹೇಳಲು ಬಾಯಿ ತೆರೆದರು. ಅಮ್ಮ ನೋಡಿದಳು. ಮುಚ್ಚಿಕೊಂಡರು.

ನನ್ನ ನಿಧಿಗೆ ಮೊದಲ ನಿಜವಾದ ಪರೀಕ್ಷೆ ಬಂದದ್ದು 2025ರ ಜುಲೈನಲ್ಲಿ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೊಪ್ಪು, ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ನೋಟಿಸ್ ಎಂಬ ಮಾತು ಕಿವಿಗೆ ಬಿದ್ದಮೇಲೆ ಇಷ್ಟು ವಿವರ ಕೇಳುವ ತಾಳ್ಮೆ ಯಾರಿಗಿರುತ್ತದೆ? ಒಂದೇ ವಾರದಲ್ಲಿ ನಮ್ಮ ಬೀದಿಯ ಬೇಕರಿ, ಕಾಂಡಿಮೆಂಟ್ಸ್, ಹೂವಿನ ಬುಟ್ಟಿಯ ಮುಂದೆಲ್ಲ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನ ಬರಹ ಬಂತು: 'ಯುಪಿಐ ಇಲ್ಲ. ಕ್ಯಾಶ್ ಮಾತ್ರ.' ಕ್ಯೂಆರ್ ಕೋಡಿನ ಮೇಲೆ ಒಬ್ಬರು ಮಲ್ಲಿಗೆ ಹೂವಿನ ಮೊಳವನ್ನೇ ಇಳಿಬಿಟ್ಟಿದ್ದರು.

ನಾನು ಎಷ್ಟು ಸಂತೋಷಪಟ್ಟೆ ಎಂದರೆ, ಹೇಳಿಕೊಳ್ಳಲು ನಾಚಿಕೆಯಾಗಬೇಕು. ಇಡೀ ಅಪಾರ್ಟ್‌ಮೆಂಟಿನಲ್ಲಿ ನಗದು ಇರುವ ದೂರದರ್ಶಿ ನಾನೊಬ್ಬನೇ! ಇಸ್ತ್ರಿ ಶರ್ಟು ಹಾಕಿಕೊಂಡು, ಜೇಬಿನಲ್ಲಿ ಒಂದು ಗರಿಗರಿ ಐನೂರು ಇಟ್ಟುಕೊಂಡು ಸೊಪ್ಪಿನ ಅಮ್ಮನ ಹತ್ತಿರ ಹೋದೆ. ಎರಡು ಕಟ್ಟು ದಂಟು, ಒಂದು ಕಟ್ಟು ಕೊತ್ತಂಬರಿ. ಐವತ್ತು ರೂಪಾಯಿ. ನೋಟು ಚಾಚಿದೆ. ಅವರು ನೋಟನ್ನು ನೋಡಿದರು, ನನ್ನನ್ನು ನೋಡಿದರು. "ಬೆಳಿಗ್ಗೆಯಿಂದ ಎಲ್ಲಾರೂ ಇದನ್ನೇ ತರ್ತೀರಲ್ಲಾ ಸಾಮಿ, ನಾನೇನು ಬ್ಯಾಂಕಾ?" ಎಂದು ಸೊಪ್ಪನ್ನು ವಾಪಸ್ ತೆಗೆದುಕೊಂಡು ನೀರು ಚಿಮುಕಿಸಿದರು.

ಐನೂರನ್ನು ಮುರಿಸಲು ಹೊರಟೆ. ಕಾಂಡಿಮೆಂಟ್ಸಿನವನು ಇನ್ನೂರಕ್ಕಾದರೂ ವ್ಯಾಪಾರ ಮಾಡಿ ಎಂದ. ಮೆಡಿಕಲ್ ಶಾಪಿನವರು ತಲೆ ಅಲ್ಲಾಡಿಸಿದರು. ಬಿಎಂಟಿಸಿ ಬಸ್ ಹತ್ತಿದರೆ ಕಂಡಕ್ಟರ್ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾನೆ, ಆಮೇಲೆ ಅದನ್ನು ವಸೂಲು ಮಾಡಲು ಕೊನೇ ಸ್ಟಾಪಿನವರೆಗೆ ಹೋಗಬೇಕು. ಕಡೆಗೆ ಬೇಕರಿಯಲ್ಲಿ ಅರ್ಧ ಕೆಜಿ ಮೈಸೂರು ಪಾಕು ಕೊಂಡು, ಉಳಿದ ಚಿಲ್ಲರೆ ಹಿಡಿದು ಓಡಿಬಂದಾಗ ಸೊಪ್ಪಿನ ಅಮ್ಮ ಬುಟ್ಟಿ ಎತ್ತಿಕೊಂಡು ಹೋಗಿಯಾಗಿತ್ತು. ನನ್ನ ರಕ್ತದ ಸಕ್ಕರೆ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದ್ದಾರೆ. ಹೆಂಡತಿ ಕೈಚೀಲ ಬಿಚ್ಚಿ ನೋಡಿದಳು. "ದಂಟು ತರಕ್ಕೆ ಹೋದ್ರಲ್ಲ?" ಎಂದಳು. ಅಷ್ಟೇ. ಆಮೇಲೆ ತನ್ನ ಪರ್ಸಿನ ಒಳಜಿಪ್ಪು ಎಳೆದು, ಹಂಪಿಯ ರಥವಿರುವ ಐವತ್ತರ ಒಂದು ನೋಟು ತೆಗೆದು, ಕೆಳಗಿಳಿದು, ಎರಡು ಬೀದಿ ಆಚೆ ಸೊಪ್ಪಿನ ಅಮ್ಮನನ್ನು ಹಿಡಿದು ಮೂರೂ ಕಟ್ಟು ತಂದಳು. ಕರಿಬೇವನ್ನು ಕೊಸರಿಗೆ ಕೊಟ್ಟಿದ್ದರು.

ಈ ನಡುವೆ ನನ್ನ ಹತ್ತಿರ ಕ್ಯಾಶ್ ಇದೆ ಎಂಬ ಸುದ್ದಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಮುಟ್ಟಿತ್ತು. ಮುಟ್ಟಿಸಿದವನು ನಾನೇ. ಸಂಜೆ ಬಾಗಿಲು ಬಡಿದ ಸದ್ದು. "ಸಾರ್, ಒಂದು ಸಾವಿರ ಕ್ಯಾಶ್ ಇದ್ರೆ ಕೊಡ್ತೀರಾ? ಈಗ್ಲೇ ಫೋನ್‌ಪೇ ಮಾಡ್ತೀನಿ." ಕೊಟ್ಟೆ. ಎಷ್ಟು ಹೆಮ್ಮೆ! ಮೂರನೇ ಮಹಡಿಯವರು ಬಂದರು, ಜಿಮ್ಮಿನಲ್ಲಿ ಕಂಡರೂ ಮಾತಾಡಿಸದ ಬಿ ಬ್ಲಾಕಿನವರು ಬಂದರು, ನಾಯಿ ಹಿಡಿದುಕೊಂಡು ಒಬ್ಬರು ಬಂದರು. ಬಂದವರೆಲ್ಲ ಕ್ಯಾಶ್ ಒಯ್ದರು, ಒಬ್ಬರೂ ಬಾಕಿ ಇಡಲಿಲ್ಲ, ಪೈಸೆ ಪೈಸೆ ನನ್ನ ಬ್ಯಾಂಕ್ ಖಾತೆಗೆ ಬಂದು ಬಿತ್ತು. ಯುಪಿಐ ಕೈಕೊಟ್ಟರೆ ಇರಲಿ ಎಂದು ಬ್ಯಾಂಕಿನಿಂದ ಮನೆಗೆ ತಂದ ದುಡ್ಡು, ಯುಪಿಐ ಬೇಡ ಎಂದವರ ದೆಸೆಯಿಂದ, ಯುಪಿಐ ಮೂಲಕವೇ ಬ್ಯಾಂಕಿಗೆ ವಾಪಸ್ ಹೋಯಿತು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ನಡೆಸಿದ ಮೇಲೆ ರಟ್ಟಿನ ಫಲಕಗಳು ಒಂದೊಂದಾಗಿ ಇಳಿದವು. ಅಷ್ಟು ಹೊತ್ತಿಗೆ ನನ್ನ ಡ್ರಾಯರಿನಲ್ಲಿ ಹನ್ನೊಂದು ನೋಟು ಉಳಿದಿದ್ದವು.

ಮತ್ತೆ ತುಂಬಿಸಿದೆ. ಈ ಸಲ ಸೋರಿಕೆ ಒಳಗಿನಿಂದ ಶುರುವಾಯಿತು.

ನನ್ನ ಯೋಜನೆಯಲ್ಲಿ ಎಲ್ಲವೂ ಇತ್ತು, ಆಪತ್ತು ಎಂದರೇನು ಎಂಬುದೊಂದನ್ನು ಬಿಟ್ಟು. ಅದನ್ನು ಎಲ್ಲರೂ ಅರಿತೇ ಇರುತ್ತಾರೆ ಎಂದುಕೊಂಡಿದ್ದೆ. ಒಂದು ಭಾನುವಾರ ಆಡಿಟ್ ಮಾಡೋಣ ಎಂದು ಕವರು ಬಿಚ್ಚಿದರೆ ನೋಟಿಗಿಂತ ಚೀಟಿಗಳೇ ಹೆಚ್ಚು. 'ಗ್ಯಾಸ್ ಹುಡುಗನಿಗೆ 50, ಚಿಲ್ಲರೆ ಇಲ್ಲದೆ 500 ತೆಗೆದಿದೆ, ಉಳಿದದ್ದು ಫ್ರಿಜ್ ಮೇಲೆ.' ಫ್ರಿಜ್ ಮೇಲೆ ಏನೂ ಇರಲಿಲ್ಲ. 'ಗಣೇಶನ ಚಂದಾ 500, ಹುಡುಗರು ತಮಟೆ ನಿಲ್ಲಿಸಲಿಲ್ಲ.' 'ವರಮಹಾಲಕ್ಷ್ಮಿ ಹಬ್ಬ, ಹೂವು ಮಾತ್ರ, 1000.' ಮಾತ್ರ! 'ಅರ್ಚಕರಿಗೆ ದಕ್ಷಿಣೆ 501, ಒಂದು ರೂಪಾಯಿ ನನ್ನದು' ಎಂಬುದು ಅತ್ತೆಯ ದುಂಡು ಅಕ್ಷರ. ಆ ಒಂದು ರೂಪಾಯಿಯನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಮಗಳ ಚೀಟಿಯಲ್ಲಿ ಮೊತ್ತವೇ ಇಲ್ಲ, 'ವಾಪಸ್ ಕೊಡ್ತೀನಿ ಪ್ರಾಮಿಸ್' ಎಂದು ಬರೆದು ಪಕ್ಕದಲ್ಲಿ ಒಂದು ನಗುಮುಖ. ಹೆಂಡತಿ ನನ್ನ ಕೈಯಿಂದ ಕಟ್ಟು ತೆಗೆದುಕೊಂಡು ಅಡಿಯಲ್ಲಿದ್ದ ಇನ್ನೊಂದು ಚೀಟಿ ಓದಿದಳು: "'ಐಪಿಎಲ್ ಫೈನಲ್, ಪಿಜ್ಜಾ, 1500.' ಇದು ಯಾರ ಅಕ್ಷರ ರೀ?"

2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ವರ್ಷಕ್ಕೆ ಕಪ್ ಗೆದ್ದಿತು. ಅದು ಆಪತ್ತಲ್ಲ, ನಿಜ. ಆದರೆ ಹದಿನೇಳು ವರ್ಷ ಅನುಭವಿಸಿದ್ದು ಏನಾಗಿತ್ತು ಎಂದು ನಾನು ಕೇಳಿದೆ. ಸಭೆ ಉತ್ತರಿಸಲಿಲ್ಲ.

ಹಾಗಾಗಿ ನನ್ನ ವೃತ್ತಿತತ್ವವನ್ನು ತಿರುಗುಮುರುಗು ಮಾಡಿದೆ. ಮೂರನೇ ಸಲ ತುಂಬಿಸಿದ ನಿಧಿಯನ್ನು ಯಾರಿಗೂ ಹೇಳದೆ ಮನೆಯಲ್ಲಿ ಯಾರೂ ಸ್ವಇಚ್ಛೆಯಿಂದ ಮುಟ್ಟದ ಜಾಗದಲ್ಲಿ ಇಟ್ಟೆ: ಫ್ಲ್ಯಾಟಿನ ಖಾತೆಯ ಫೈಲು. ಬೆಂಗಳೂರಿನ ಹೊರವಲಯದಲ್ಲಿ ಮನೆ ಕೊಂಡವರಿಗೆ ಈ ಫೈಲಿನ ಮಹಿಮೆ ಹೇಳಬೇಕಾಗಿಲ್ಲ. ಬಿ ಖಾತಾ ಎಂಬ ಎರಡು ಮಾತು ಕೇಳಿದರೆ ಕಳ್ಳನೂ ಕನಿಕರದಿಂದ ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಕ್ರಯಪತ್ರ, ಇಸಿ, ತೆರಿಗೆ ರಸೀದಿಗಳ ಹಿಂದಿನ ಜೇಬಿಗೆ ಕವರು ತುರುಕಿದೆ. ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಪದ ಬರೆದೆ: 'ತುರ್ತು'.

ಇ-ಖಾತಾ ಎಂಬುದೊಂದು ಬಂದಿದೆ, ಅದಿಲ್ಲದೆ ಆಸ್ತಿ ನೋಂದಣಿಯಿಲ್ಲ, ಅದರಲ್ಲಿ ನಮ್ಮ ಹೆಸರಿನ ಒಂದು ಅಕ್ಷರ ತಪ್ಪಿದೆ, ಯಾವತ್ತೋ ಒಂದು ದಿನ ತಿದ್ದಿಸಬೇಕು ಎಂಬುದೆಲ್ಲ ನನಗೆ ಗೊತ್ತಿತ್ತು. ಆ 'ಯಾವತ್ತೋ ಒಂದು ದಿನ' ಮುಂದಿನ ಮಂಗಳವಾರವೇ ಬರುತ್ತದೆಂದು ಗೊತ್ತಿರಲಿಲ್ಲ. ನಾನು ಕಾಲ್‌ನಲ್ಲಿದ್ದೆ. ಹೆಂಡತಿ ಅರ್ಧ ದಿನ ರಜೆ ಹಾಕಿ, ಫೈಲು ಎತ್ತಿಕೊಂಡು, ಸಂಬಂಧಪಟ್ಟ ಒಂದು ಕಚೇರಿಗೆ ಹೋದಳು.

ಮುಂದಿನದನ್ನು ಅವಳ ಬಾಯಿಂದಲೇ ಕೇಳಬೇಕು, ನಾನು ಸಾರಾಂಶ ಹೇಳುತ್ತೇನೆ. ಸರತಿ ಬಂತು. ಮೇಜಿನ ಆಚೆ ಕೂತಿದ್ದವರು ಸಾಧು ಸ್ವಭಾವದ, ಕನ್ನಡಕದ ಮನುಷ್ಯರು. "ತೆರಿಗೆ ರಸೀದಿ ಕೊಡೀಮ್ಮ" ಎಂದರು. ಇವಳು ಎಳೆದಳು. ರಸೀದಿಯ ಜೊತೆಗೆ ಕವರೂ ಬಂತು, ಬಾಯಿ ಬಿಚ್ಚಿಕೊಂಡಿತು, ಐನೂರರ ನೋಟುಗಳು ಮೇಜಿನ ಉದ್ದಕ್ಕೂ ಹರಡಿಕೊಂಡು ಅವರ ರಿಜಿಸ್ಟರಿನ ಮೇಲೆ ಹೋಗಿ ಕೂತವು. ಮೇಲುಗಡೆ ಕವರು. ಕವರಿನ ಮೇಲೆ ನನ್ನ ಅಕ್ಷರದಲ್ಲಿ 'ತುರ್ತು'.

ಆ ಮನುಷ್ಯರು ಕುರ್ಚಿ ಸಮೇತ ಹಿಂದಕ್ಕೆ ಸರಿದು ಗೋಡೆಗೆ ತಾಗಿಕೊಂಡು ಎರಡೂ ಕೈ ಮೇಲೆತ್ತಿದರಂತೆ. "ನಾನು ಮುಟ್ಟಿಲ್ಲ! ಎಲ್ಲಾರೂ ನೋಡಿದೀರಲ್ಲ, ನಾನು ಮುಟ್ಟಿಲ್ಲ!" ಲೋಕಾಯುಕ್ತದವರು ಬಲೆ ಬೀಸುವ ವಿಧಾನ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ ಕಳಿಸುತ್ತಾರೆ, ಆಮೇಲೆ ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಬೆರಳು ಅದ್ದಿಸುತ್ತಾರೆ, ನೋಟು ಮುಟ್ಟಿದ ಕೈಯಾದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪಾಪ, ಆತ ತಮ್ಮ ಬೆರಳುಗಳನ್ನು ಸಿಸಿಟಿವಿ ಕ್ಯಾಮೆರಾದ ಕಡೆ ಅಗಲಿಸಿ ಹಿಡಿದುಕೊಂಡಿದ್ದರು. ಹಿಂದೆ ಸರತಿಯಲ್ಲಿದ್ದ ಒಬ್ಬರು, "ಇಷ್ಟು ಬಹಿರಂಗವಾಗಿ ಕೊಡ್ತಾರೇನ್ರೀ?" ಎಂದರು. ಇನ್ನೊಬ್ಬರು ನಡುವೆ ಕತ್ತು ತೂರಿಸಿ, "ರೇಟ್ ಇಷ್ಟಾಗೋಯ್ತಾ?" ಎಂದು ಚಿಂತಿತರಾದರು. ನನ್ನ ಹೆಂಡತಿ ನೋಟು ಬಳಿದುಕೊಳ್ಳುತ್ತ, "ಇದು ಲಂಚ ಅಲ್ಲ, ನಮ್ಮ ಯಜಮಾನ್ರದು ಎಮರ್ಜೆನ್ಸಿ ದುಡ್ಡು!" ಎಂದು ಕೂಗಿದಳಂತೆ. ಸರತಿಗೆ ಸರತಿಯೇ ಅವಳನ್ನು ಮರುಕದಿಂದ ನೋಡಿತಂತೆ. ನನ್ನನ್ನು ಅಲ್ಲಿ ಯಾರೂ ಕಂಡಿಲ್ಲ, ಆದರೂ ನನ್ನ ಬಗ್ಗೆ ಒಂದು ಅಭಿಪ್ರಾಯ ಆ ಕೋಣೆಯಲ್ಲಿ ಸರ್ವಾನುಮತದಿಂದ ರೂಪುಗೊಂಡಿತು.

ಒಂದು ಮಾತು ಮಾತ್ರ ನನ್ನ ಪರವಾಗಿ ದಾಖಲಾಗಬೇಕು. ಆ ಕನ್ನಡಕದವರು ಹೊರಗೆ ಹೋಗಿ ಬರಿಗೈಯನ್ನೇ ಸೋಪು ಹಾಕಿ ತೊಳೆದುಕೊಂಡು ಬಂದು, "ಮೊದಲು ಈ ಮೇಡಮ್ಮಂದು ಮುಗಿಸಿ ಕಳ್ಸಿಬಿಡೋಣ" ಎಂದು ಪಕ್ಕದವರಿಗೆ ಹೇಳಿ ನಮ್ಮ ಅರ್ಜಿಯನ್ನು ಹದಿನೈದು ನಿಮಿಷದಲ್ಲಿ ತೆಗೆದುಕೊಂಡರು. ನನ್ನ ನಿಧಿಯಿಂದ ನಮ್ಮ ಮನೆಗೆ ಆದ ಸ್ಪಷ್ಟವಾದ ಲಾಭ ಅದೊಂದೇ. ಒಂದು ಪೈಸೆಯೂ ಖರ್ಚಾಗಲಿಲ್ಲ ಎಂಬುದನ್ನೂ ಗಮನಿಸಬೇಕು.

ಅವತ್ತಿನಿಂದ ನಿಧಿಯ ಉಸ್ತುವಾರಿ ಅವಳದು. ಅಷ್ಟನ್ನೂ ನೂರು, ಇನ್ನೂರು, ಐವತ್ತು, ಹತ್ತಾಗಿ ಮುರಿಸಿದ್ದಾಳೆ. ಎಲ್ಲಿ ಮುರಿಸಿದಳೋ ಅವಳೇ ಬಲ್ಲಳು. ಎಲ್ಲಿಟ್ಟಿದ್ದಾಳೋ ಅದೂ ಅಷ್ಟೇ. ಬೇಕಾದವರು ಫೋನ್ ಮಾಡಿ ಕಾರಣ ಹೇಳಬೇಕು. ಅವಳ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಅಂದರೆ ನಮ್ಮ ಮನೆಯಿಂದ ಬೇರೆ ಜಿಲ್ಲೆಯಷ್ಟು ದೂರದಲ್ಲಿ.

ಮೊನ್ನೆ ನಾನು ಮನೆಯಿಂದ ಕೆಲಸ ಮಾಡುತ್ತಿದ್ದ ದಿನ ಗ್ಯಾಸ್ ಬಂತು. ಸಿಲಿಂಡರಿಗೆ ಆನ್‌ಲೈನಿನಲ್ಲೇ ಕೊಟ್ಟಾಗಿತ್ತು, ಹೊತ್ತು ತಂದ ಹುಡುಗನಿಗೆ ಐವತ್ತು ಕೊಡಬೇಕು. ಅವನ ಫೋನು ಬಿದ್ದು ಒಡೆದಿದೆಯಂತೆ. ಹೆಂಡತಿಗೆ ಫೋನ್ ಮಾಡಿದೆ.

"ಎಷ್ಟು ಬೇಕು?"

"ಐವತ್ತು."

"ಅದಕ್ಕೆಲ್ಲ ಅದನ್ನ ತೆಗೆಯಕ್ಕಾಗಲ್ಲ ರೀ. ಕೆಳಗಡೆ ಸೆಕ್ಯುರಿಟಿ ಹತ್ರ ಈಸ್ಕೊಳ್ಳಿ, ಆಮೇಲೆ ಕೊಡೋಣ. ಮೀಟಿಂಗಲ್ಲಿದೀನಿ."

ಗ್ಯಾಸ್ ಹುಡುಗನನ್ನು ಕರೆದುಕೊಂಡು ಗೇಟಿಗೆ ಇಳಿದೆ. ಸೆಕ್ಯುರಿಟಿ ಮೇಜಿನ ಡ್ರಾಯರ್ ಎಳೆದ. ಹತ್ತು, ಇಪ್ಪತ್ತು, ಐವತ್ತು ಬೇರೆ ಬೇರೆ ರಬ್ಬರ್ ಬ್ಯಾಂಡಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಐವತ್ತು ಕೊಟ್ಟು, ವಿಸಿಟರ್ಸ್ ಪುಸ್ತಕದ ಕೊನೆಯ ಪುಟ ತಿರುಗಿಸಿ ಫ್ಲ್ಯಾಟ್ ನಂಬರ್ ಬರೆಯಲು ಹೋದವನು ಪೆನ್ನು ನಿಲ್ಲಿಸಿದ. ಆ ಪುಟದಲ್ಲಿ ನಮ್ಮ ಬ್ಲಾಕಿನವರು ಬಹುತೇಕ ಎಲ್ಲರೂ ಇದ್ದರು. ಜಿಮ್ಮಿನವರು, ನಾಯಿಯವರು, ಅಸೋಸಿಯೇಷನ್ನಿನ ಖಜಾಂಚಿ ಕೂಡ.

"ಒಂದೇ ಕಡೆ ಬರ್ಕೊಂಬಿಡ್ಲಾ ಸಾರ್?" ಎಂದ. "ಮೇಡಮ್ಮಂದೇ ಎಂಬತ್ತು ಬಾಕಿ ಇದೆ. ನಿಮ್ಮ ಅತ್ತೆಯೋರ್ದು ಒಂದ್ರೂಪಾಯಿ."